ಏಣಿ ನೋಡುವ ಕಣ್ಣಲ್ಲಿ ಮಗಳ ಬೆನ್ನು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಕೊಡಗಿನ ಚೆಟ್ಟಳ್ಳಿಯಿಂದ ಮೂರು ಮೈಲಿ ಒಳಗಿರುವ ಕಾಫಿ ತೋಟವೊಂದರಲ್ಲಿ, ಕೂಲಿಯವರ ಲೈನ್ ಮನೆಗಳ ಹಿಂದಿನ ತಗಡಿನ ಶೆಡ್ಡಿನ ಕೆಳಗೆ ನಲವತ್ತೆರಡು ಏಣಿಗಳು ಸಾಲಾಗಿ ಮಲಗಿವೆ. ಏಣಿ ಎಂದರೆ ಎರಡು ಕಾಲು, ನಡುವೆ ಮೆಟ್ಟಿಲು ಇರುವ ಏಣಿಯಲ್ಲ. ಇದು ಒಂಟಿ ಬಿದಿರು. ಇಪ್ಪತ್ತಾರು ಅಡಿ ಉದ್ದ; ಗೆಣ್ಣು ಗೆಣ್ಣಿನಲ್ಲೂ ನಾಲ್ಕು ಬೆರಳಷ್ಟು ಉಳಿಸಿಕೊಂಡ ಕೊಂಬೆಯ ತುಂಡುಗಳೇ ಮೆಟ್ಟಿಲು. ಇದನ್ನು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಆನಿಸಿ, ಸೊಂಟಕ್ಕೆ ಚೀಲ ಬಿಗಿದುಕೊಂಡು, ಹೆಬ್ಬೆರಳಿನ ಬಲದ ಮೇಲೆ ಹತ್ತಿ ಕರಿಮೆಣಸು ಕೊಯ್ಯಬೇಕು.

ಕೊಯ್ಯುವ ಹದಿನಾಲ್ಕು ಮಂದಿ ಶೆಡ್ಡಿನ ಹೊರಗೆ ಕುಕ್ಕರಗಾಲಲ್ಲಿ ಕೂತು ಎಲೆಯಡಿಕೆ ಜಗಿಯುತ್ತಿದ್ದಾರೆ. ಯಾರೂ ಏಣಿ ಮುಟ್ಟುವುದಿಲ್ಲ. ಒಳಗೆ ಮಂಡಿಯೂರಿ ಕೂತ ಧರ್ಮೇಶ್ ಬಿದಿರಿನ ಬುಡವನ್ನು ಮರದ ದಿಮ್ಮಿಯ ಮೇಲೆತ್ತಿ, ಕೆನ್ನೆಯನ್ನು ಅದಕ್ಕೆ ತಾಗಿಸಿ, ಎಡಗಣ್ಣು ಮುಚ್ಚುತ್ತಾರೆ. ಬಲಗಣ್ಣು ಬುಡದಿಂದ ಹೊರಟು ಗೆಣ್ಣಿನಿಂದ ಗೆಣ್ಣಿಗೆ ಹೋಗಿ ತುದಿ ಮುಟ್ಟುತ್ತದೆ. ಒಂದು ಸಲ ಉರುಳಿಸಿ ಮತ್ತೆ ನೋಡುತ್ತಾರೆ. "ಆಯ್ತು, ತಗಳಿ" ಎಂದರೆ ಅದು ಆ ದಿನ ಮರ ಏರುತ್ತದೆ. ಏನೂ ಹೇಳದೆ ಬುಡಕ್ಕೊಂದು ಕೆಂಪು ಬಟ್ಟೆಚೂರು ಕಟ್ಟಿದರೆ ಅದು ಒಲೆಗೆ.

ನೆಟ್ಟಗೆ ಕಾಣುವ ಬಿದಿರನ್ನು ಹೀಗೆ ದಿನಾ ನೋಡುವುದೇಕೆ ಎಂದು ಕೇಳುವವರುಂಟು. ಬಿದಿರು ಒಣಗುತ್ತಾ ತಿರುಚಿಕೊಳ್ಳುತ್ತದೆ. ನೆಲದಲ್ಲಿ ನಿಂತವನಿಗೆ ಕಾಣದ ಎರಡು ಬೆರಳಿನ ಡೊಂಕು, ಇಪ್ಪತ್ತಡಿ ಮೇಲೆ ನಿಂತವನ ಭಾರಕ್ಕೆ ಏಣಿಯನ್ನೇ ಮಗ್ಗುಲಿಗೆ ಹೊರಳಿಸಿಬಿಡುತ್ತದೆ. ಕೆಳಗೆ ಬೀಳುವುದು ಮೆಣಸಿನ ಚೀಲವಲ್ಲ, ಮನುಷ್ಯ. ಧರ್ಮೇಶ್ ಈ ಕೆಲಸಕ್ಕೆ ಕೂತ ಒಂಬತ್ತು ಕೊಯ್ಲಿನಲ್ಲಿ ಅವರು ಆಯ್ತು ಎಂದ ಏಣಿಯಿಂದ ಒಬ್ಬರೂ ಬಿದ್ದಿಲ್ಲ. ತೋಟದ ಮಾಲೀಕ ಮೊಣ್ಣಪ್ಪ ಇದನ್ನು ಒಪ್ಪಿಕೊಳ್ಳುವ ಬಗೆಯೇ ಬೇರೆ. "ನಾನು ಯಜಮಾನ ಅಂತ ಇರುದು ಹೆಸರಿಗೆ ಮಾತ್ರ. ಏಣಿ ವಿಷಯದಲ್ಲಿ ಅವ ಬೇಡ ಹೇಳಿದ್ರೆ ಬೇಡ."

ಹದಿನಾಲ್ಕು ಜನರ ಬೆನ್ನು ಮೂವತ್ತೆರಡು ವರ್ಷದ ಈ ಮನುಷ್ಯನ ಒಂದು ಕಣ್ಣಿನ ಮೇಲೆ ನಿಂತಿದೆ. ನಾಲ್ಕು ತಿಂಗಳಿಂದ ಅದೇ ಕಣ್ಣು ಇನ್ನೊಂದು ಬೆನ್ನನ್ನೂ ನೋಡುತ್ತಿದೆ. ಅದು ಒಂದು ಗೇಣಿಗಿಂತ ಸ್ವಲ್ಪ ಉದ್ದದ್ದು. ಹನ್ನೊಂದು ತಿಂಗಳ ಮಗಳು ಐಶ್ವರ್ಯಳದ್ದು; ಮನೆಯಲ್ಲಿ ಅವಳು ಐಸು.

ಧರ್ಮೇಶ್ ಅವರ ಅಜ್ಜ ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತವರು. ಅಪ್ಪ ಸಣ್ಣಸ್ವಾಮಿ ಹೊಲದ ಕೆಲಸ ಮುಗಿದ ಮೇಲೆ ಮೆಣಸು ಕೊಯ್ಯಲು ತೋಟಗಳಿಗೆ ಹೋಗುತ್ತಿದ್ದರು. ಧರ್ಮೇಶ್‌ಗೆ ಹದಿಮೂರು ವರ್ಷವಾಗಿದ್ದಾಗ ಒಂದು ತೋಟದಲ್ಲಿ ಏಣಿ ಹೊರಳಿತು. ಸಣ್ಣಸ್ವಾಮಿ ಸಾಯಲಿಲ್ಲ, ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡು ನಾಲ್ಕು ವರ್ಷ ಚಾಪೆಯ ಮೇಲಿದ್ದರು. ದಿನಕ್ಕೆ ಎರಡು ಹೊತ್ತು ಅವರನ್ನು ಮಗ್ಗುಲಾಗಿಸಿ, ಬೆನ್ನಿನ ಹುಣ್ಣು ಒರೆಸಿದವರು ತಾಯಿ ಹುಚ್ಚಮ್ಮ. ಹುಡುಗ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ. ಅಪ್ಪ ಬಿದ್ದ ಆ ಏಣಿಯನ್ನು ಆಮೇಲೆ ಹೋಗಿ ನೋಡಿ ಬಂದಿದ್ದ. ಎಡಗಣ್ಣು ಮುಚ್ಚಿ ನೋಡಿದ್ದು ಅದೇ ಮೊದಲು.

"ಸಣ್ಣಕೆ ಡೊಂಕಿತ್ತು ಕಣ್ರೀ. ಹೇಳ್ಬೇಕು ಅಂದ್ರೆ ಈ ಕಿರುಬೆಳ್ಳಿನಷ್ಟು" ಎನ್ನುತ್ತಾರೆ ಧರ್ಮೇಶ್, ಬೆರಳು ತೋರಿಸಿ. "ಯಾರಾದ್ರೂ ಒಬ್ರು ಕೂತು ನೋಡಿದ್ರೆ ಆಗಿರದು. ಯಾರೂ ನೋಡಿರ್ಲಿಲ್ಲ."

ಆ 'ಯಾರಾದರೂ ಒಬ್ಬರು' ತಾನೇ ಆಗಬೇಕೆಂದು ಹಟ ಹಿಡಿದಂತೆ ಅವರು ಬೆಳೆದರು. ಬಿದಿರನ್ನು ಅಮಾವಾಸ್ಯೆಯ ಕಡೆಗಿನ ದಿನಗಳಲ್ಲೇ ಕಡಿಯುತ್ತಾರೆ, ಹುಣ್ಣಿಮೆಯ ಕಡೆ ಕಡಿದರೆ ಹುಳ ಬೀಳುತ್ತದೆ ಎಂದು. ಹಸಿ ಇರುವಾಗಲೇ ಡೊಂಕು ಕಂಡರೆ ಬೆಂಕಿಯ ಮೇಲೆ ಹದವಾಗಿ ಕಾಯಿಸಿ, ಎರಡು ಕಡೆ ಗೂಟ ನೆಟ್ಟು, ಕಲ್ಲು ಹೇರಿ ತಿದ್ದುತ್ತಾರೆ. ಒಣಗಿದ ಮೇಲೆ ತಿದ್ದಲು ಹೋದರೆ ಬಿದಿರು ಸೀಳುತ್ತದೆ. ಹಸಿಯಲ್ಲಿ ತಿದ್ದು, ಇಲ್ಲವೇ ಒಲೆಗೆ ಹಾಕು: ಅವರ ವಿದ್ಯೆಯೆಲ್ಲ ಇಷ್ಟೇ. ಈ ವಿದ್ಯೆಯೇ ಈಗ ಅವರ ಕತ್ತು ಹಿಡಿದಿದೆ.

ಮಗುವಿನ ಬೆನ್ನನ್ನು ಮೊದಲು ಕಂಡದ್ದು ಯಾವ ಡಾಕ್ಟರೂ ಅಲ್ಲ. ನವೆಂಬರ್ ತಿಂಗಳ ಒಂದು ಭಾನುವಾರ, ಹುಚ್ಚಮ್ಮ ಲೈನ್ ಮನೆಯ ಬಚ್ಚಲಲ್ಲಿ ಕಾಲು ಚಾಚಿ ಕೂತು, ಏಳು ತಿಂಗಳ ಮೊಮ್ಮಗಳನ್ನು ಕಾಲಿನ ಮೇಲೆ ಬೋರಲು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಸೌದೆ ತಂದು ಹಾಕಲು ಬಂದ ಧರ್ಮೇಶ್ ಬಾಗಿಲಲ್ಲೇ ನಿಂತರು. ಎಣ್ಣೆ ಹಚ್ಚಿದ ಬೆನ್ನಿನ ಮೇಲೆ ಬೆಳಕು ಬಿದ್ದಿತ್ತು. ಅಭ್ಯಾಸಬಲ, ಎಡಗಣ್ಣು ಮುಚ್ಚಿತು.

"ಅವ್ವ, ಮಗೀನ ನೆಟ್ಟಗೆ ಮಲಗ್ಸು ಅಂದೆ. ನೆಟ್ಟಗೇ ಮಲಗ್ಸಿವ್ನಿ ಕಣ್ಲಾ ಅಂದ್ಲು. ಇನ್ನೊಂದ್ ದಪ ಮಲಗ್ಸಿದ್ಲು. ಹಂಗೇ ಇತ್ತು" ಎನ್ನುತ್ತಾರೆ ಧರ್ಮೇಶ್.

ಎಣ್ಣೆ ಮೈ, ಜಾರುತ್ತದೆ, ಅದಕ್ಕೇ ಹಾಗೆ ಕಾಣುವುದು ಎಂದು ಹುಚ್ಚಮ್ಮ ವಾದಿಸಿದರು. ಹೆಂಡತಿ ಮಾನಸ ನಂಬಲೇ ಇಲ್ಲ. ಕೊಡ್ಲಿಪೇಟೆಯ ತವರಿಗೆ ಫೋನು ಮಾಡಿ, "ಇವರಿಗೆ ಕಂಡದ್ದೆಲ್ಲ ಡೊಂಕೇ" ಎಂದು ಅಮ್ಮನ ಹತ್ತಿರ ನಕ್ಕರಂತೆ. ಒಂದು ವಾರದಲ್ಲಿ ಆ ನಗು ಹೋಯಿತು. ಮಡಿಕೇರಿಯಲ್ಲಿ ನೋಡಿದ ಡಾಕ್ಟರು ಮೈಸೂರಿಗೆ ಬರೆದುಕೊಟ್ಟರು. ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ವೀಣಾ ಎಕ್ಸ್-ರೇ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಬೆನ್ನೆಲುಬಿನ ಮೇಲೆ ಎರಡು ಗೆರೆ ಎಳೆದು ತೋರಿಸಿದರು. ಇಪ್ಪತ್ತೇಳು ಡಿಗ್ರಿ. ರೋಗದ ಹೆಸರು ಸ್ಕೋಲಿಯೋಸಿಸ್. ಮಾನಸ ಅದನ್ನು ಮನೆಗೆ ಬಂದು ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು, ಯಾರಾದರೂ ಕೇಳಿದರೆ ತಪ್ಪದೆ ಹೇಳಬೇಕಲ್ಲ ಎಂದು. ಕೇಳಿದವರು ಯಾರೂ ಹೆಸರು ಕೇಳಲಿಲ್ಲ. ಯಾಕೆ ಹೀಗಾಯ್ತು ಎಂದಷ್ಟೇ ಕೇಳಿದರು.

ಡಾಕ್ಟರು ಹೇಳಿದ್ದು ಸರಳವಾಗಿತ್ತು. ಇಷ್ಟು ಚಿಕ್ಕ ಮಕ್ಕಳಲ್ಲಿ ಕೆಲವರ ಬೆನ್ನು ಬೆಳೆಯುತ್ತಾ ತಾನಾಗಿಯೇ ಸರಿಹೋಗುತ್ತದೆ. ಕೆಲವರದ್ದು ಹೆಚ್ಚುತ್ತದೆ; ಹೆಚ್ಚಿ ಎದೆಗೂಡನ್ನು ಒತ್ತಿದರೆ ಉಸಿರಿಗೂ ತೊಂದರೆ. ಇವಳದ್ದು ಯಾವ ಜಾತಿ ಎಂದು ಒಂದೇ ಫಿಲ್ಮಿನಲ್ಲಿ ಖಂಡಿತವಾಗಿ ಹೇಳಲಾಗದು. ಮೂರು ತಿಂಗಳು ಬಿಟ್ಟು ಇನ್ನೊಂದು ತೆಗೆಯೋಣ. ಹೆಚ್ಚಾಗಿದ್ದರೆ ಪ್ಲಾಸ್ಟರಿನ ಕವಚ ಹಾಕಬೇಕು. ಅಲ್ಲಿಯವರೆಗೆ ಏನೂ ಮಾಡಬೇಡಿ, ಮಗುವನ್ನು ಎಲ್ಲರ ಮಗುವಿನಂತೆ ಆಡಿಸಿಕೊಂಡಿರಿ.

ಏನೂ ಮಾಡಬೇಡಿ! ಹಸಿಯಲ್ಲಿ ತಿದ್ದದಿದ್ದರೆ ಒಲೆಗೇ ಗತಿ ಎಂದು ನಂಬಿ ಬದುಕಿದವನಿಗೆ ಮೂರು ತಿಂಗಳು ಕೈಕಟ್ಟಿ ಕೂರು ಎಂದರೆ ಹೇಗಾದೀತು? ಆಸ್ಪತ್ರೆ ಬಿಟ್ಟು ಕುಶಾಲನಗರದ ಬಸ್ಸು ಹತ್ತಿದರು. ಮಗು ಮಡಿಲಲ್ಲಿ ಕೂತು ಬಸ್ಸಿನ ಕಂಬಿ ನೆಕ್ಕಲು ಹೋಗುತ್ತಿತ್ತು. ಅದನ್ನು ತಡೆಯುವುದಕ್ಕೂ ಅವರಿಗೆ ಹೆದರಿಕೆಯಾಗಿತ್ತು, ಎಲ್ಲಿ ಹಿಡಿದರೆ ಎಲ್ಲಿ ಬಾಗುತ್ತದೋ ಎಂದು.

ಊರ ಬಾಯಿಗೆ ಮುಚ್ಚಳ ಇಲ್ಲ. ಮಗುವಿಗೆ ಮೂರು ತಿಂಗಳಾದಾಗಿನಿಂದ ಮಾನಸ ಅದನ್ನು ತೋಟಕ್ಕೆ ಒಯ್ಯುತ್ತಿದ್ದರು. ಹಾಲುವಾಣದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಮಲಗಿಸಿ, ಕಣ್ಣಳತೆಯಲ್ಲೇ ಕೆಲಸ ಮಾಡುತ್ತಿದ್ದರು. ಲೈನಿನ ಹೆಂಗಸರಲ್ಲಿ ಅದನ್ನು ಮಾಡದವರು ಯಾರೂ ಇಲ್ಲ. ಈಗ ಅದೇ ಹೆಂಗಸರು ಜೋಲಿಯಿಂದಲೇ ಆಯಿತು ಎಂದರು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ, ಈಗ್ಲೇ ನೀವಿ ಸರಿ ಮಾಡಿ" ಎಂದು ಪಕ್ಕದ ಮನೆಯ ರಂಗಮ್ಮ ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಆ ಮಾತು ಧರ್ಮೇಶ್ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

"ಜೋಲಿಯಿಂದ ಅಲ್ಲ ಅಂತ ಡಾಕ್ಟ್ರಮ್ಮ ಮೂರು ಸಲ ಹೇಳಿದ್ರು" ಎನ್ನುತ್ತಾರೆ ಮಾನಸ. "ನಾನೂ ಎಲ್ಲರಿಗೂ ಹಾಗೇ ಹೇಳ್ತೀನಿ. ಆದ್ರೂ ಆ ಸೀರೆ ಉಡಕ್ಕೆ ಆಗಲ್ಲ. ಮಡಚಿ ಟ್ರಂಕಿನ ತಳದಲ್ಲಿ ಇಟ್ಟಿದೀನಿ."

ಡಿಸೆಂಬರ್‌ನಿಂದ ಆ ಮನೆಯಲ್ಲಿ ಬೆಳಗು ಬೇರೆಯಾಗಿಯೇ ಆಗತೊಡಗಿತು. ಮಗು ಎದ್ದ ಕೂಡಲೇ ಧರ್ಮೇಶ್ ಅದನ್ನು ಚಾಪೆಯ ಮೇಲೆ ಬೋರಲು ಮಲಗಿಸುತ್ತಿದ್ದರು. ಹಣೆಗಿಡುವ ಕಾಡಿಗೆಯಿಂದ ಬೆನ್ನಿನ ಒಂದೊಂದು ಗೆಣ್ಣಿನ ಮೇಲೂ ಚುಕ್ಕೆ ಇಡುವುದು. ಕುತ್ತಿಗೆಯಿಂದ ಸೊಂಟದವರೆಗೆ ಒಂದು ಬಿಳಿ ದಾರ ಹಿಡಿಯುವುದು. ಆಮೇಲೆ ಎಡಗಣ್ಣು ಮುಚ್ಚಿ, ದಾರದಿಂದ ಚುಕ್ಕೆ ಎಷ್ಟು ದೂರ ಸರಿದಿದೆ ಎಂದು ನೋಡುವುದು. ನೋಡಿದ್ದನ್ನು ಬಿದಿರಿನ ದಬ್ಬೆಯೊಂದರಲ್ಲಿ ಗೀರು ಹಾಕಿ ಇಡುತ್ತಿದ್ದರು. ಆ ದಬ್ಬೆ ಇಂದಿಗೂ ಬಾಗಿಲ ಹಿಂದೆ ಇದೆ. ಐವತ್ಮೂರು ಗೀರುಗಳಿವೆ.

ಎಳೆ ಮಗು ಚಾಪೆಯ ಮೇಲೆ ಬಿದಿರಿನಂತೆ ಮಲಗಿರುತ್ತದೆಯೇ? ಇಂದು ಕೈ ಚಾಚಿರುತ್ತದೆ, ನಾಳೆ ಕಾಲು ಮಡಚಿರುತ್ತದೆ. ಮಂಗಳವಾರ ಹೆಚ್ಚಿದ ಡೊಂಕು ಬುಧವಾರ ಕಡಿಮೆಯಾಗುತ್ತಿತ್ತು. ಕಡಿಮೆಯಾದ ದಿನ ಧರ್ಮೇಶ್ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದರು. ಹೆಚ್ಚಾದ ದಿನ ತಟ್ಟೆ ಹಾಗೆಯೇ ಬಿಟ್ಟು ಏಳುತ್ತಿದ್ದರು. ಭಯ ಎಂಬುದು ಹಾಗೆಯೇ, ಅದಕ್ಕೆ ಲೆಕ್ಕ ಕೊಟ್ಟಷ್ಟೂ ಇನ್ನಷ್ಟು ಕೇಳುತ್ತದೆ.

ಜನವರಿಯ ಒಂದು ಮಧ್ಯಾಹ್ನ ಅವರು ಮಾಡಿದ್ದನ್ನು ಈಗ ಹೇಳುವಾಗ ತಲೆ ಎತ್ತುವುದಿಲ್ಲ. ಹಸಿ ಬಿದಿರಿನ ಆರು ದಬ್ಬೆ ಸೀಳಿದ್ದರು. ಗಾಜಿನ ಚೂರಿನಿಂದ ಹೆರೆದು ಕೆನ್ನೆಗೆ ಒತ್ತಿ ನೋಡಿಕೊಂಡು ನುಣ್ಣಗೆ ಮಾಡಿದ್ದರು. ಅಪ್ಪನ ಹಳೆಯ ಪಂಚೆ ಹರಿದು ಒಂದೊಂದಕ್ಕೂ ಸುತ್ತಿದ್ದರು. ಮಾನಸ ಕಾಫಿ ಕೊಯ್ಲಿಗೆ ಹೋಗಿದ್ದಾಗ, ಹುಚ್ಚಮ್ಮ ನೀರಿಗೆ ಹೋಗಿದ್ದಾಗ, ಮಗುವಿನ ಬೆನ್ನಿಗೆ ಅವನ್ನಿಟ್ಟು ಸುತ್ತ ಬಟ್ಟೆ ಬಿಗಿದರು. ಹಸಿ ಏಣಿಗೆ ಗೂಟ ಕೊಟ್ಟು ಬಿಗಿಯುವ ಹಾಗೆ.

"ಅತ್ತಿದ್ರೆ ಚೆನ್ನಾಗಿರೋದು" ಎನ್ನುತ್ತಾರೆ. "ಅಳ್ಲಿಲ್ಲ. ಉಸಿರು ಸಣ್ಣದು ಮಾಡ್ಕಂಡು ನನ್ನೇ ನೋಡ್ತಾ ಕೂತ್ಲು. ಅಪ್ಪ ಏನೋ ಮಾಡ್ತಾವ್ನೆ, ಮಾಡ್ಲಿ ಅಂತ. ನೂರು ಎಣಿಸೋವಷ್ಟು ಹೊತ್ತೂ ಆಗಿರ್ಲಿಲ್ಲ, ಬಿಚ್ಚಕ್ಕೆ ಹೋದೆ. ಗಂಟು ಬರ್ಲಿಲ್ಲ. ಕತ್ತೀಲಿ ಕುಯ್ದೆ."

ನೀರು ತಂದ ಹುಚ್ಚಮ್ಮನಿಗೆ ಕಂಡದ್ದು ಬಚ್ಚಲೊಲೆಯಲ್ಲಿ ಉರಿಯುತ್ತಿದ್ದ ಹಸಿ ದಬ್ಬೆ, ಅದರಲ್ಲಿ ಗಂಡನ ಪಂಚೆಯ ಅಂಚು. ಸೊಸೆ ಬಂದಾಗ ಅವರೇ ಹೇಳಿದರು. ಮಾನಸ ಬೈಯಲಿಲ್ಲ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಮಗುವಿನ ಬೆನ್ನಿನ ಕಾಡಿಗೆಯ ಚುಕ್ಕೆಗಳನ್ನೆಲ್ಲ ಒರೆಸಿ, ಮಗುವನ್ನು ತಂದು ಗಂಡನ ಮಡಿಲಿಗೆ ಹಾಕಿದರು. "ಅಳೆಯೋದು ಬಿಟ್ಟು ಎತ್ಕಳ್ರೀ. ಎಷ್ಟ್ ದಿನ ಆಯ್ತು ಎತ್ಕಂಡು?" ಎಂದರು.

ಚುಕ್ಕೆ ಇಡುವುದು ನಿಂತಿತು. ನೋಡುವುದು ನಿಲ್ಲಲಿಲ್ಲ. ಹಾಲು ಕುಡಿಯುವಾಗ, ಅಂಬೆಗಾಲಿಡುವಾಗ, ಅಜ್ಜಿಯ ಹೆಗಲ ಮೇಲೆ ತೂಕಡಿಸುವಾಗ, ಎಲ್ಲಿಂದಲೋ ಧರ್ಮೇಶ್ ಒಂದು ಕಣ್ಣು ಮುಚ್ಚಿಕೊಂಡು ನೋಡುತ್ತಲೇ ಇದ್ದರು. ಅದು ಅವರಿಗೇ ಗೊತ್ತಿರಲಿಲ್ಲ.

ಫೆಬ್ರವರಿ ಕೊನೆಗೆ ಮೆಣಸಿನ ಕೊಯ್ಲು ಬಿರುಸಾಯಿತು. ಒಂದು ಬೆಳಗ್ಗೆ ಶೆಡ್ಡಿನಲ್ಲಿ ಕೆಂಪು ಬಟ್ಟೆಚೂರುಗಳು ಮುಗಿದುಹೋದವು. ಧರ್ಮೇಶ್ ತಮ್ಮ ಟವೆಲಿನ ಅಂಚು ಹರಿದು ಕಟ್ಟತೊಡಗಿದರು. ನಲವತ್ತೆರಡರಲ್ಲಿ ಮೂವತ್ತೊಂದು ಏಣಿ ಬೇಡವೆಂದಾಗಿತ್ತು. ಹದಿನಾಲ್ಕು ಮಂದಿಗೆ ಉಳಿದದ್ದು ಹನ್ನೊಂದು. ಇಪ್ಪತ್ತು ವರ್ಷದಿಂದ ಮರ ಹತ್ತುತ್ತಿರುವ ಕರಿಯ ಮೊದಲು ತಮಾಷೆ ಮಾಡಿದರು. "ಕುಣಿಯಕ್ಕಾಗದವ್ಳು ನೆಲ ಡೊಂಕು ಅಂದ್ಳಂತೆ. ಇಲ್ಲಿ ನೋಡಿದ್ರೆ ಹತ್ತೋರು ನಾವು, ಡೊಂಕು ಅನ್ನೋನು ನೀನು!" ಯಾರೂ ನಗಲಿಲ್ಲ, ಏಕೆಂದರೆ ಧರ್ಮೇಶ್ ಅಳುತ್ತಿದ್ದರು.

ಮೊಣ್ಣಪ್ಪ ಜೀಪಿನಲ್ಲಿ ಬಂದಿಳಿದರು. ಬೇಡವೆಂದ ಏಣಿಗಳಲ್ಲಿ ಒಂದನ್ನು ಎಳೆದು, ಬುಡದಿಂದ ತುದಿಗೆ ದಾರ ಬಿಗಿದು ನೋಡಿದರು. ಇನ್ನೊಂದಕ್ಕೂ ಬಿಗಿದರು. ದಾರ ಬಿದಿರಿಗೆ ಅಂಟಿದಂತೆ ಕೂತಿತ್ತು.

"ಇದ್ರಲ್ಲಿ ಎಂತ ಡೊಂಕು ಉಂಟು ಮಾರಾಯ?"

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಆ ಬೆಳಗ್ಗೆ ಧರ್ಮೇಶ್‌ಗೆ ಲೋಕದಲ್ಲಿ ನೆಟ್ಟಗಿರುವುದು ಒಂದೂ ಕಾಣುತ್ತಿರಲಿಲ್ಲ. ಅದುವರೆಗೆ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಶೆಡ್ಡಿನಲ್ಲಿ ಮಂಡಿಯೂರಿದ ಹಾಗೆಯೇ ಹೇಳಿಬಿಟ್ಟರು. ತಾನು ಇನ್ನು ಈ ಕೆಲಸಕ್ಕೆ ಲಾಯಕ್ಕಿಲ್ಲ, ಇವತ್ತು ಒಳ್ಳೆಯದನ್ನು ಕೆಟ್ಟದ್ದು ಎಂದವನು ನಾಳೆ ಕೆಟ್ಟದ್ದನ್ನು ಒಳ್ಳೆಯದು ಎಂದುಬಿಟ್ಟರೆ ಯಾರ ಮನೆಯವನು ಬೀಳುತ್ತಾನೋ ಎಂದರು. ಅವರಿಗೆ ನಿಜವಾಗಿ ಹೆದರಿಕೆಯಾಗಿದ್ದು ಅದಕ್ಕೇ.

ಮೊಣ್ಣಪ್ಪ ಬಹಳ ಮಾತಿನವರಲ್ಲ. ಎರಡು ದಿನ ಕೊಯ್ಲು ನಿಲ್ಲಿಸಿದರು. ಬಿಸಿಲಿಗೆ ಮೆಣಸು ಬಳ್ಳಿಯಲ್ಲೇ ಒಣಗಿ ಉದುರುವ ಕಾಲದಲ್ಲಿ ಎರಡು ದಿನ ಎಂದರೆ ಸಣ್ಣ ಮಾತಲ್ಲ. ಮೂರನೆಯ ಬೆಳಗ್ಗೆ ಕರಿಯ ಒಂದು ದಾರದ ಉಂಡೆ ತಂದು ಧರ್ಮೇಶ್ ಪಕ್ಕದಲ್ಲಿ ಕೂತರು. ಅಂದಿನಿಂದ ಅನುಮಾನ ಬಂದ ಏಣಿಗೆ ದಾರ ಹಿಡಿಯುತ್ತಾರೆ. "ಅವನು ನೋಡ್ಲಿ. ನಾನೂ ನೋಡ್ತೀನಿ" ಎನ್ನುತ್ತಾರೆ ಕರಿಯ. "ಬೀಳೋದು ನಾನಲ್ವಾ?"

ಮಾರ್ಚ್ ತಿಂಗಳ ಎರಡನೆಯ ಸೋಮವಾರ ಎರಡನೆಯ ಎಕ್ಸ್-ರೇ. ಮೊದಲನೆಯದು ತೆಗೆದು ತೊಂಬತ್ತೆಂಟು ದಿನವಾಗಿತ್ತು. ಮೂವರೂ ಹೊರಟರು, ಹುಚ್ಚಮ್ಮ ಸೆರಗಿನ ತುದಿಯಲ್ಲಿ ಇಗ್ಗುತಪ್ಪ ದೇವರ ಗಂಧ ಕಟ್ಟಿಕೊಂಡು. ಫಿಲ್ಮು ಬರುವ ತನಕ ಡಾಕ್ಟರ್ ವೀಣಾ ಮಗುವನ್ನು ಮೇಜಿನ ಮೇಲೆ ಕೂರಿಸಿ, ಬೆನ್ನು ಸವರಿ ನೋಡುತ್ತಿದ್ದರು. ಧರ್ಮೇಶ್ ಬಾಗಿಲ ಹತ್ತಿರ ನಿಂತಿದ್ದರು. ಅಪ್ಪನನ್ನು ಕಂಡ ಐಸು ಮುಖವನ್ನೆಲ್ಲ ಹಿಂಡಿ, ಮೂಗು ಸುಕ್ಕಾಗಿಸಿ, ಒಂದು ಕಣ್ಣು ಮುಚ್ಚಲು ಹೋಗಿ ಎರಡನ್ನೂ ಮುಚ್ಚಿತು. ತೆರೆದು ನಕ್ಕಿತು. ಮತ್ತೆ ಹಾಗೆಯೇ ಮಾಡಿತು.

ಡಾಕ್ಟರಿಗೆ ಗಾಬರಿ. ಕಣ್ಣಿಗೇನಾದರೂ ತೊಂದರೆ ಇದೆಯೇ ಎಂದು ಟಾರ್ಚ್ ತೆಗೆದುಕೊಂಡರು. ಅಜ್ಜಿಯನ್ನು ನೋಡಿದಾಗ ಮಗು ಹಾಗೆ ಮಾಡಲಿಲ್ಲ. ಅಮ್ಮನಿಗೂ ಮಾಡಲಿಲ್ಲ. ಅಪ್ಪನ ಕಡೆ ತಿರುಗಿತು, ಮುಖ ಹಿಂಡಿತು.

"ಕಣ್ಣಿಗೇನಿಲ್ಲ ಕಣವ್ವ" ಎಂದು ಹುಚ್ಚಮ್ಮ ನಕ್ಕುಬಿಟ್ಟರು. "ಅವರಪ್ಪ ಅದನ್ನ ನೋಡೋದೇ ಹಂಗೆ. ಅಪ್ಪನ್ ಮಕ ಅಂದ್ರೆ ಹಂಗೇ ಇರ್ತದೆ ಅಂತ ತಿಳ್ಕಂಡದೆ ಕೂಸು."

ಡಾಕ್ಟರೂ ನಕ್ಕರು, ಮಾನಸಳೂ. ಧರ್ಮೇಶ್ ಹೊರಗೆ ಹೋಗಿ ಕಾರಿಡಾರಿನ ಗೋಡೆಗೆ ಹಣೆ ಇಟ್ಟು ನಿಂತರು. ಮಗಳು ಕಲಿತ ಮೊದಲ ಆಟ ಅಪ್ಪನ ಹೆದರಿಕೆ. ಬೆನ್ನಿನ ಡೊಂಕು ಯಾರ ತಪ್ಪೂ ಅಲ್ಲವೆಂದು ಡಾಕ್ಟರು ಹೇಳಿದ್ದರು. ಇದು ಮಾತ್ರ ಯಾರದ್ದೆಂದು ಯಾರೂ ಹೇಳಬೇಕಿರಲಿಲ್ಲ.

ಫಿಲ್ಮು ಬಂತು. ಮೂವತ್ಮೂರು ಡಿಗ್ರಿ. ಆರು ಹೆಚ್ಚಾಗಿತ್ತು.

ಬರುವ ಗುರುವಾರ ಮಗುವಿಗೆ ಮಂಪರು ಕೊಟ್ಟು ಪ್ಲಾಸ್ಟರಿನ ಮೊದಲ ಕವಚ ಹಾಕುತ್ತಾರೆ. ಹೆಗಲಿನಿಂದ ಸೊಂಟದವರೆಗೆ, ಉಸಿರಾಡಲು, ಹಾಲು ಕುಡಿದು ಹೊಟ್ಟೆ ಉಬ್ಬಲು ಮುಂದೆ ಒಂದು ಕಿಂಡಿ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ, ಬೆಳೆದ ಅಳತೆಗೆ ಹೊಸದು. ಒಂದು ವರ್ಷವಾಗಬಹುದು, ಎರಡಾಗಬಹುದು. ಬೇಗ ಗೊತ್ತಾಗಿದ್ದು ಒಳ್ಳೆಯದಾಯಿತು, ಈ ವಯಸ್ಸಿನಲ್ಲಿ ಶುರು ಮಾಡಿದ ಮಕ್ಕಳಲ್ಲಿ ಎಷ್ಟೋ ಜನರಿಗೆ ಗುಣ ಕಂಡಿದೆ, ಆದರೆ ಮಾತು ಕೊಡಲಾರೆ ಎಂದರು ಡಾಕ್ಟರ್ ವೀಣಾ. ಜನವರಿಯ ದಬ್ಬೆಯ ಕತೆಯನ್ನು ಧರ್ಮೇಶ್ ಅವರಿಗೆ ತಾವಾಗಿಯೇ ಹೇಳಿದರು. ಡಾಕ್ಟರು "ಇನ್ನು ಮುಂದೆ ಬಿಗಿಯೋ ಕೆಲಸ ನಮ್ಮದು. ನೀವು ಅಪ್ಪ ಆಗಿರಿ ಸಾಕು" ಎಂದರಂತೆ.

ಮನೆಯಲ್ಲಿ ಈಗ ಗುರುವಾರದ ಭಯ. ಮಂಪರಿನಿಂದ ಮಗು ಸರಿಯಾಗಿ ಏಳುತ್ತದೆಯೇ ಎಂಬುದು ಮಾನಸಳದ್ದು. ಮುಂದೆ ಬೇಸಿಗೆಯಲ್ಲಿ ಪ್ಲಾಸ್ಟರಿನ ಒಳಗೆ ಬೆವರಿದರೆ ಕೆರೆದುಕೊಳ್ಳುವುದು ಹೇಗೆ, ಎಣ್ಣೆನೀರು ಹಾಕುವುದು ಹೇಗೆ ಎಂಬುದು ಹುಚ್ಚಮ್ಮನದ್ದು. "ಗಂಡನ್ ಬೆನ್ನು ತೊಳೆದೆ ನಾಕು ವರ್ಷ. ಮೊಮ್ಮಗಳ ಬೆನ್ನಿಗೆ ನೀರೇ ಹುಯ್ಯಂಗಿಲ್ಲ ಅಂತಾರೆ" ಎನ್ನುತ್ತಾ ಅವರು ದಿನಕ್ಕೆ ಎರಡು ಸಲ ಮಗುವಿಗೆ ಸ್ನಾನ ಮಾಡಿಸುತ್ತಿದ್ದಾರೆ, ಗುರುವಾರದ ಒಳಗೆ ಆದಷ್ಟು ಆಗಲಿ ಎಂದು. ಧರ್ಮೇಶ್‌ದು ಎಲ್ಲ ಭಯಗಳೂ ಸೇರಿದ ಒಂದು ಭಯ. ಅದನ್ನು ಅವರು ಹೇಳುವುದಿಲ್ಲ. ಚಾಪೆಯ ಮೇಲೆ ಮಲಗಿದ್ದ ಅಪ್ಪನನ್ನು ನೋಡಿದವರಿಗೆ ಅದನ್ನು ಹೇಳಬೇಕಾಗಿಯೂ ಇಲ್ಲ.

ಶೆಡ್ಡಿನಲ್ಲಿ ಈ ಬೆಳಗಿನ ಕೊನೆಯ ಏಣಿ. ಕೆನ್ನೆ ಬಿದಿರಿಗೆ ತಾಗುತ್ತದೆ, ಎಡಗಣ್ಣು ಮುಚ್ಚುತ್ತದೆ. ಧರ್ಮೇಶ್ ತಲೆ ಎತ್ತಿ ಕರಿಯನ ಕಡೆ ನೋಡುತ್ತಾರೆ. ಕರಿಯ ದಾರ ಬಿಗಿಯುತ್ತಾರೆ. ಇಬ್ಬರೂ ತಲೆಯಾಡಿಸಿದ ಮೇಲೆ ಏಣಿ ಹೊರಡುತ್ತದೆ. ಇವತ್ತು ಮೂವತ್ತೊಂಬತ್ತು ಪಾಸು, ಮೂರಕ್ಕೆ ಕೆಂಪು ಬಟ್ಟೆ. ಹದಿನಾಲ್ಕು ಮಂದಿ ಹೆಗಲ ಮೇಲೆ ಬಿದಿರು ಹೊತ್ತು ತೋಟದೊಳಗೆ ಇಳಿದು ಹೋಗುವುದನ್ನು ಅವರು ನಿಂತು ನೋಡುತ್ತಾರೆ. ಸಂಜೆ ಹದಿನಾಲ್ಕೂ ಮಂದಿ ಕಾಲ ಮೇಲೆ ನಡೆದು ಬರಬೇಕು. ಅದನ್ನು ಎಣಿಸಿದ ಮೇಲೆಯೇ ಅವರ ದಿನ ಮುಗಿಯುವುದು.

ಒಂಬತ್ತಕ್ಕೆ ರೊಟ್ಟಿ ತಿನ್ನಲು ಮನೆಗೆ ಬರುತ್ತಾರೆ. ಮಾನಸ ಮಗುವನ್ನು ಹೊಸ್ತಿಲ ಬಳಿ ಇಳಿಸುತ್ತಾರೆ. ಐಸು ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಲ್ಲುತ್ತಾಳೆ, ಒಂಚೂರು ಎಡಕ್ಕೆ ವಾಲಿಕೊಂಡು. ಅಂಗಳದಲ್ಲಿ ಅಪ್ಪನನ್ನು ಕಂಡದ್ದೇ ಮೂಗು ಸುಕ್ಕಾಗುತ್ತದೆ, ಎರಡು ಕಣ್ಣೂ ಬಿಗಿಯಾಗಿ ಮುಚ್ಚುತ್ತವೆ. ಧರ್ಮೇಶ್ ಅವಳ ಎದುರು ಕುಕ್ಕರಗಾಲಲ್ಲಿ ಕೂರುತ್ತಾರೆ. ಎಡಗಣ್ಣಿನ ರೆಪ್ಪೆ ತಾನಾಗಿಯೇ ಇಳಿಯತೊಡಗುತ್ತದೆ. ಅದನ್ನು ತೋರುಬೆರಳಿನಿಂದ ಮೇಲಕ್ಕೆತ್ತಿ ಹಿಡಿದುಕೊಂಡು, ನೀರು ಸುರಿಯುತ್ತಿದ್ದರೂ ಬಿಡದೆ, ಮಗು ಕಣ್ಣು ತೆರೆಯುವುದನ್ನು ಕಾಯುತ್ತಾರೆ.

"ಬೆನ್ನು ನೆಟ್ಟಗಾಗ್ಲಿ ಅಂತ ಬಾಯ್ಬಿಟ್ಟು ಕೇಳಕ್ಕೂ ಭಯ ಆಯ್ತದೆ ಕಣ್ರೀ" ಎನ್ನುತ್ತಾರೆ, ಬೆರಳು ತೆಗೆಯದೆ. "ಗುರುವಾರ ಅವ್ಳಿಗೆ ಮಂಪರು ಇಳಿದು ಎಚ್ಚರ ಆದಾಗ ಎದುರಿಗೆ ನಿಂತಿರ್ತೀನಿ. ಅಪ್ಪಂಗೆ ಎರಡು ಕಣ್ಣವೆ ಅಂತ ಅವ್ಳಿಗೆ ಗೊತ್ತಾಗ್ಲಿ. ಸದ್ಯಕ್ಕೆ ಅಷ್ಟು ಸಾಕು."